ಹನ್ನೊಂದನೆಯ ಗೆಜ್ಜೆ

ನಾನು ಒಂದು ಎಣಿಕೆ ತಕ್ಕಡಿ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ: ನನಗೆ ಎಣಿಸಲು ಬರುವುದಿಲ್ಲ. ಹೆಸರಿನಲ್ಲಿ ಎಣಿಕೆ ಇದೆಯಲ್ಲ ಎನ್ನಬೇಡಿ. ಶಾಂತಪ್ಪ ಎಂದು ಹೆಸರಿಟ್ಟುಕೊಂಡವರೆಲ್ಲ ಶಾಂತರಾಗಿರುತ್ತಾರೆಯೇ? ನನಗೆ ಬರುವುದು ತೂಗುವುದು ಮತ್ತು ಭಾಗಿಸುವುದು. ತಟ್ಟೆಯ ಮೇಲೆ ಹತ್ತು ಸಾಮಾನು ಇಟ್ಟು, ಬಟನ್ ಒತ್ತಿ, "ಇವು ಹತ್ತು" ಎಂದು ನನಗೆ ತಿಳಿಸಬೇಕು. ನಾನು ಒಟ್ಟು ತೂಕವನ್ನು ಹತ್ತರಿಂದ ಭಾಗಿಸಿ, ಒಂದರ ತೂಕ ಇಷ್ಟು ಎಂದು ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತೇನೆ. ಆಮೇಲೆ ನೀವು ರಾಶಿ ಸುರಿಯಿರಿ. ಆ ರಾಶಿಯ ತೂಕದಲ್ಲಿ ಆ ಒಂದು ಎಷ್ಟು ಸಲ ಅಡಗಿದೆ ಎಂದು ನೋಡಿ, ರೆಪ್ಪೆ ಬಡಿಯುವಷ್ಟರಲ್ಲಿ ಕೆಂಪು ಅಂಕಿಗಳಲ್ಲಿ ಹೇಳುತ್ತೇನೆ. ನೋಡಿದವರು "ಅಬ್ಬಾ, ಸಾವಿರ ಎಣಿಸಿಬಿಟ್ಟಿತು!" ಎಂದು ಬಾಯಿ ತೆರೆಯುತ್ತಾರೆ. ನಿಜವಾಗಿ ಎಣಿಸಿದವರು ಮೊದಲ ಹತ್ತನ್ನು ಇಟ್ಟವರು. ಅವರ ಮಾತನ್ನು ನಾನು ನಂಬಿದೆ, ಅಷ್ಟೆ.

ಹುಟ್ಟಿದ್ದು ಬೆಂಗಳೂರಿನ ಪೀಣ್ಯದಲ್ಲಿ, ತಗಡಿನ ಛಾವಣಿಯ ಒಂದು ಶೆಡ್ಡಿನೊಳಗೆ. ಹುಟ್ಟಿದಾಗ ಅಳಲಿಲ್ಲ, "ಬೀಪ್" ಎಂದೆ. ನನ್ನ ಹೊಟ್ಟೆಯೊಳಗೆ ಒಂದು ಅಲ್ಯೂಮಿನಿಯಂ ತುಂಡಿದೆ. ತಟ್ಟೆಯ ಮೇಲೆ ಭಾರ ಬಿದ್ದರೆ ಅದು ಕೂದಲೆಳೆಗಿಂತಲೂ ಕಡಿಮೆ ಬಾಗುತ್ತದೆ. ಅದಕ್ಕೆ ಅಂಟಿಸಿದ ಸೂಕ್ಷ್ಮ ತಂತಿಗಳು ಎಷ್ಟು ಬಾಗಿತು ಎಂಬ ಸುದ್ದಿಯನ್ನು ಮೇಲಕ್ಕೆ ಮುಟ್ಟಿಸುತ್ತವೆ. ನನ್ನ ವಿದ್ಯೆಯೆಲ್ಲ ಇಷ್ಟೇ, ಬಾಗುವುದು. ಕೆಲವು ದಿನಗಳ ಮೇಲೆ ತೂಕ ಮತ್ತು ಅಳತೆ ಇಲಾಖೆಯವರು ಬಂದು ನನ್ನ ಹೊಟ್ಟೆಗೆ ತಂತಿ ಬಿಗಿದು ಸೀಸದ ಮುದ್ರೆ ಒತ್ತಿದರು. ಅದನ್ನು ಜನಿವಾರ ಎನ್ನಿ, ಶಿವದಾರ ಎನ್ನಿ, ತಾಯಿತ ಎನ್ನಿ. ಅದು ಬಿದ್ದ ಮೇಲೆ ನನ್ನನ್ನು ನಂಬುವುದು ಜನರಿಗೆ ಸುಲಭವಾಯಿತು.

ಮೊದಲ ಮನೆ ಹುಬ್ಬಳ್ಳಿಯಲ್ಲಿ, ಅಂಗಿ ಗುಂಡಿಗಳನ್ನು ಸಗಟಾಗಿ ಮಾರುವ ಒಂದು ಅಂಗಡಿ. ಮಾಲೀಕರು ಬಲು ಅವಸರದವರು, ಊಟವನ್ನೂ ನಿಂತುಕೊಂಡೇ ಮಾಡುತ್ತಿದ್ದರು. ಎರಡು ಕಾರ್ಖಾನೆಗಳ ಬಿಳಿ ಗುಂಡಿಗಳು ಅವರಲ್ಲಿ ಒಂದೇ ಚೀಲ ಸೇರುತ್ತಿದ್ದವು. ನೋಡಲು ಅವಳಿ ಜವಳಿ, ತೂಕದಲ್ಲಿ ಮಾತ್ರ ಒಂದು ದಪ್ಪ, ಒಂದು ತೆಳು. ದಪ್ಪನೆಯ ಹತ್ತು ಇಟ್ಟು ಕಲಿಸಿದ ದಿನ ನಾನು ರಾಶಿಯನ್ನು ಕಡಿಮೆ ಹೇಳುತ್ತಿದ್ದೆ, ತೆಳುವಾದ ಹತ್ತು ಇಟ್ಟ ದಿನ ಹೆಚ್ಚು. ದರ್ಜಿಗಳು ಬಂದು ಜಗಳ ತೆಗೆದರು. ಮಾಲೀಕರು ನನ್ನ ತಟ್ಟೆಗೆ ಬಡಿದು "ಹುಚ್ಚ ತಕ್ಕಡಿ" ಎಂದರು. ಚೀಲಕ್ಕೆ ಬಡಿಯಬೇಕಾಗಿತ್ತು. ಆದರೆ ಸಿಟ್ಟು ಬಂದವರು ಕೈಗೆ ಹತ್ತಿರ ಇದ್ದದ್ದಕ್ಕೇ ಬಡಿಯುವುದು ಲೋಕದ ರೂಢಿ. ಒಂದು ದಿನ ನನ್ನನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ಮಾರಿಬಿಟ್ಟರು.

ಕೊಂಡವರು ಬೆಟಗೇರಿಯ ವಿರೂಪಾಕ್ಷಪ್ಪ ಕಂಚಗಾರರು. ಗದಗಿಗೆ ಅಂಟಿಕೊಂಡ ಈ ಊರಿನಲ್ಲಿ ಮಗ್ಗದ ಸದ್ದು ಹೆಚ್ಚು. ಅದರ ನಡುವೆ ಇವರದೊಂದು ಗೆಜ್ಜೆಯ ಕಾರ್ಖಾನೆ. ಕಾರ್ಖಾನೆ ಎಂದರೆ ದೊಡ್ಡದೇನಲ್ಲ: ಒಂದು ಪ್ರೆಸ್ ಮಿಷನ್, ಗೆಜ್ಜೆಗೆ ಹೊಳಪು ಕೊಡುವ ಒಂದು ತಿರುಗುವ ಪೀಪಾಯಿ, ಮಾಲಿಡುವ ಒಂದು ಖೋಲಿ, ಪ್ಯಾಕಿಂಗ್ ಮಾಡುವ ಒಂದು ಮೇಜು. ಆ ಮೇಜೇ ನನ್ನ ಗದ್ದುಗೆಯಾಯಿತು. ಹಿತ್ತಾಳೆ ತಗಡಿನಿಂದ ನಾಲ್ಕು ಎಸಳಿನ ಹೂವನ್ನು ಕತ್ತರಿಸಿ, ನಡುವೆ ಕಬ್ಬಿಣದ ಒಂದು ಪುಟ್ಟ ಗುಂಡು ಇಟ್ಟು, ಪ್ರೆಸ್ಸಿನಿಂದ ಒಂದು ಏಟು ಕೊಟ್ಟರೆ ಎಸಳು ಮುಚ್ಚಿಕೊಂಡು ಗೆಜ್ಜೆಯಾಗುತ್ತದೆ. ನಾಟ್ಯ ಕಲಿಯುವವರ ಕಾಲಿಗೆ, ಎತ್ತಿನ ಕೊರಳಿಗೆ, ಬೀಗದ ಕೈ ಗೊಂಚಲಿಗೆ, ಎಲ್ಲದಕ್ಕೂ ಇಲ್ಲಿಂದಲೇ ಹೋಗಬೇಕು.

ಪ್ರೆಸ್ಸಿನ ಮುಂದೆ ಕೂರುತ್ತಿದ್ದವರು ದಾವಲಸಾಬರು. ವಿರೂಪಾಕ್ಷಪ್ಪನವರ ತಂದೆಯ ಕಾಲದಿಂದಲೂ ಅವರೇ. ಮಿಷನ್ನಿನ ಸದ್ದಿಗೆ ಒಂದು ಕಿವಿ ಮಂದವಾಗಿತ್ತು. ಇನ್ನೊಂದು ಕಿವಿಯ ಹತ್ತಿರ ಹಿಡಿ ಗೆಜ್ಜೆ ಹಿಡಿದು ಅಲುಗಿಸಿ, ಗುಂಡು ಬೀಳದ ಮೂಕ ಗೆಜ್ಜೆಯನ್ನು ಹೆಕ್ಕಿ ತೆಗೆಯುತ್ತಿದ್ದರು. ಮಾಲಿನ ಖೋಲಿಯ ಕೀಲಿ ಅವರ ಉಡದಾರದಲ್ಲೇ ಇರುತ್ತಿತ್ತು. ಸಂಜೆ ಅವರೇ ಬೀಗ ಹಾಕಬೇಕು, ಬೆಳಗ್ಗೆ ಅವರೇ ತೆಗೆಯಬೇಕು. ಸಾವಕಾರರು, ಎಂದರೆ ವಿರೂಪಾಕ್ಷಪ್ಪನವರು, ಯಾವತ್ತೂ ಆ ಕೀಲಿ ಕೇಳಿದವರಲ್ಲ.

ನಾನು ಬಂದ ದಿನಗಳಲ್ಲೇ ಇನ್ನೊಬ್ಬರೂ ಬಂದರು: ಫಕೀರವ್ವ. ಆಕೆ ಬಹಳ ಕಾಲ ಜೋಳದ ರೊಟ್ಟಿ ಬಡಿದು ಮದುವೆ ಮನೆಗಳಿಗೆ, ಖಾನಾವಳಿಗಳಿಗೆ ಕೊಟ್ಟವಳು. ರಟ್ಟೆ ಸೋತ ಮೇಲೆ ಬಡಿಯುವುದನ್ನು ಬಿಟ್ಟು, ಕೂತು ಮಾಡುವ ಕೆಲಸ ಹುಡುಕಿಕೊಂಡು ಬಂದಳು. ಅದುವರೆಗೆ ಇಲ್ಲಿ ನೂರು ಕುಳಿಗಳ ಮರದ ಹಲಗೆಯೊಂದಿತ್ತು. ಕುಳಿಗೊಂದು ಗೆಜ್ಜೆ ತುಂಬಿ ಎಣಿಸುತ್ತಿದ್ದರು. ನಾನು ಬಂದ ಮೇಲೆ ಹಲಗೆ ಅಟ್ಟ ಸೇರಿತು.

ಸಾವಕಾರರು ಆಕೆಗೆ ನನ್ನ ಪರಿಚಯ ಮಾಡಿಕೊಟ್ಟರು.

"ನೋಡವಾ, ಮುಂಜಾನೆ ಬಂದ ಕೂಡ್ಲೆ ಹತ್ತು ಗೆಜ್ಜಿ ಇಟ್ಟು ಈ ಬಟನ್ ಒತ್ತಬೇಕು. ಮುಂದಿಂದು ಅದು ತಾನ ನೋಡ್ಕೊಂತೈತಿ. ಸಂಜಿಕ ಆರಿಸಿದ್ರ ಮರೀತೈತಿ. ಮರದಿನ ಮತ್ತ ಕಲಿಸಬೇಕು."

ಫಕೀರವ್ವ ನನ್ನನ್ನು ಸುತ್ತಲೂ ನೋಡಿದಳು.

"ಹತ್ತು ತೋರಿಸಿದ್ರ ಸಾವಿರ ತಿಳಕೊಂತೈತ್ರಿ? ನನ್ನ ಸೊಸಿಗಿಂತ ಶಾಣ್ಯಾ ಐತಿ ಬಿಡ್ರಿ. ಆಕಿಗೆ ಸಾವಿರ ಹೇಳಿದ್ರೂ ಹತ್ತು ತಿಳಿಯೂದಿಲ್ಲ."

ಪ್ರೆಸ್ಸಿನ ಕಡೆಯಿಂದ ದಾವಲಸಾಬರು ಕೂಗಿದರು: "ನಿನ್ನ ಸೊಸಿ ಇದನ್ನ ನನ್ನ ಕಿವ್ಯಾಗ ಬ್ಯಾರೆ ಥರಾ ಹೇಳ್ಯಾಳ ಫಕೀರವ್ವ."

"ನಿನಗಿರೂದು ಒಂದ ಕಿವಿ, ದಾವಲಣ್ಣ. ಅರ್ಧಾ ಕೇಳಿರ್ತಿ ಬಿಡು."

ಅಲ್ಲಿಂದ ಮುಂದೆ ದಿನವೂ ಹೀಗೇ ನಡೆಯಿತು. ಅವರಿಬ್ಬರ ಮಾತಿಗೆ ಗೆಜ್ಜೆಯ ತಾಳ. ನನಗೆ ಗುಂಡಿ ಅಂಗಡಿಯ ಹೊಡೆತ ಮರೆತೇ ಹೋಯಿತು.

ಈಗ ಎಲ್ಲದಕ್ಕೂ ಮೂಲವಾದ ಸಂಗತಿ ಹೇಳುತ್ತೇನೆ. ಫಕೀರವ್ವ ಬೆಳಗ್ಗೆ ಬಂದು ನನ್ನ ಮೈ ಒರೆಸಿ, ಗೆಜ್ಜೆಗಳನ್ನು ಒಂದೊಂದಾಗಿ ತಟ್ಟೆಗೆ ಇಡುತ್ತಿದ್ದಳು. ಶುಭಕ್ಕೆಂದು ಒಂದರ ಬದಲು ಲಾಭ; "ಲಾಭ, ಎರಡು, ಮೂರು..." ಎಂದು ಶುರುವಾಗಿ "ಹತ್ತು" ಎಂದು ಮುಗಿಯುತ್ತಿತ್ತು. ಮುಗಿದ ಮೇಲೆ ಬಾಯಿ ಸುಮ್ಮನಾಗುತ್ತಿತ್ತು, ಕೈ ಸುಮ್ಮನಾಗುತ್ತಿರಲಿಲ್ಲ. ಇನ್ನೊಂದು ಗೆಜ್ಜೆ ತೆಗೆದು ಹತ್ತರ ಮೇಲೆ ಇಡುತ್ತಿತ್ತು. ಅದು ಕೊಸರು. ರೊಟ್ಟಿ ಕೊಡುವಾಗ ಹತ್ತಕ್ಕೆ ಒಂದು ಮೇಲೆ ಇಡುವುದು ಆಕೆಯ ತಾಯಿ ಕಲಿಸಿದ ಪಾಠ. ಬುಟ್ಟಿಯಲ್ಲಿ ಹೋಗುವಾಗ ಒಂದು ಮುರಿಯಬಹುದು; ತಿನ್ನುವವರಿಗೆ ಹತ್ತು ಸಿಗಬೇಕು. ಅಷ್ಟು ವರ್ಷ ನಡೆದ ಕೈಗೆ, ಹಿತ್ತಾಳೆ ಮುರಿಯುವುದಿಲ್ಲ ಎಂಬ ವಿಚಾರವನ್ನು ಹೇಳಿದವರು ಯಾರು? ಆಮೇಲೆ ಬಟನ್ ಒತ್ತುತ್ತಿದ್ದಳು.

ನನ್ನ ಮೇಲೆ ಹನ್ನೊಂದು ಇವೆ, ನನಗೆ ಹೇಳಿದ್ದು ಹತ್ತು. ನಾನು ಹನ್ನೊಂದರ ಭಾರವನ್ನು ಹತ್ತರಿಂದ ಭಾಗಿಸಿದೆ. ಒಂದು ಗೆಜ್ಜೆ ಇರಬೇಕಾದ್ದಕ್ಕಿಂತ ದಪ್ಪವಾಗಿ ನನ್ನ ಮನಸ್ಸಿನಲ್ಲಿ ಕೂತಿತು. ಅಲ್ಲಿಂದ ಮುಂದೆ ಸಾವಿರದ ನೂರು ಸುರಿದರೂ ನನಗೆ ಸಾವಿರವೇ ಕಾಣುತ್ತಿತ್ತು. ಸಾವಿರ ಎಂದು ಹೊಲಿದ ಪ್ರತಿ ಚೀಲದಲ್ಲೂ ನೂರು ಹೆಚ್ಚು ಹೋಗುತ್ತಿತ್ತು. ಕೊಲ್ಲಾಪುರದವರು, ಸೊಲ್ಲಾಪುರದವರು ತಕರಾರು ಮಾಡಲಿಲ್ಲ. ಹೆಚ್ಚು ಬಂತೆಂದು ದೂರು ಕೊಟ್ಟ ವ್ಯಾಪಾರಿ ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ. ಬದಲಾಗಿ ಆರ್ಡರು ಹೆಚ್ಚಾದವು. ಸಾವಕಾರರು ನನ್ನ ಕಾಲ್ಗುಣ ಚೆನ್ನಾಗಿದೆ ಎಂದು ಅಮಾವಾಸ್ಯೆಗೆ ನನಗೂ ಕುಂಕುಮ ಹಚ್ಚಿ ಕಾಯಿ ಒಡೆದರು.

ಪ್ರೆಸ್ ಮಿಷನ್ನಿಗೆ ಒಂದು ಎಣಿಕೆಯ ಗಾಲಿಯಿದೆ. ಏಟಿಗೊಂದು ಅಂಕಿ ಮುಂದೆ ಹೋಗುತ್ತದೆ. ಅದು ಮೊಂಡ. ಯಾರು ಏನು ಹೇಳಿದರೂ ಕೇಳುವುದಿಲ್ಲ, ತಾನು ಹೊಡೆದಷ್ಟನ್ನೇ ಹೇಳುತ್ತದೆ. ತಿಂಗಳ ಕೊನೆಗೆ ಸಾವಕಾರರು ಅದರ ಅಂಕಿಗೂ ನನ್ನ ಅಂಕಿಗೂ ತಾಳೆ ನೋಡಿದರು. ಸೊಟ್ಟ, ಮೂಕ ಗೆಜ್ಜೆಗಳನ್ನು ಕಳೆದರೂ ಹನ್ನೊಂದು ಸಾವಿರ ಹೊಡೆದಲ್ಲಿ ಪ್ಯಾಕ್ ಆದದ್ದು ಹತ್ತು ಸಾವಿರ. ಮೊದಲ ಸಲ ತಾವೇ ಎಲ್ಲೋ ತಪ್ಪಿದೆ ಎಂದುಕೊಂಡರು. ಮುಂದಿನ ತಿಂಗಳೂ ಅದೇ. ಗದಗಿನಿಂದ ತಕ್ಕಡಿ ರಿಪೇರಿಯವನನ್ನು ಕರೆಸಿದರು. ಅವನು ಮುದ್ರೆ ಒತ್ತಿದ ಒಂದು ಕಿಲೋದ ತೂಕದ ಬಟ್ಟು ಇಟ್ಟ. ನಾನು ಒಂದು ಕಿಲೋ ಎಂದೆ. ಎರಡು ಇಟ್ಟ, ಎರಡು ಎಂದೆ.

"ಚೊಕ್ಕ ಐತ್ರಿ ಸಾವಕಾರ್ರ. ಇದರಾಗ ಒಂದು ಸಾಸಿವಿಕಾಳಿನಷ್ಟೂ ಫರಕ್ ಇಲ್ಲ."

ಅವನು ಹೇಳಿದ್ದು ನಿಜ. ತೂಕ ಸರಿಯಾಗಿಯೇ ಇತ್ತು. ಕಲಿಸಿದ ಪಾಠ ತಪ್ಪಾಗಿತ್ತು. ಅದನ್ನು ಪರೀಕ್ಷಿಸುವ ಬಟ್ಟು ಅವನ ಪೆಟ್ಟಿಗೆಯಲ್ಲಿ ಇರಲಿಲ್ಲ. ಹೀಗೆ ನಾನು ನಿರ್ದೋಷಿಯಾದೆ, ಬೇರೆ ಯಾರಾದರೂ ದೋಷಿಯಾಗಲೇಬೇಕಾಯಿತು. ಫಕೀರವ್ವ ಸಂಜೆ ಹೋಗುವಾಗ ಯಾರೂ ಕೇಳದಿದ್ದರೂ ಸೆರಗು ಕೊಡವಿ ತೋರಿಸಿಯೇ ಹೋಗುತ್ತಿದ್ದಳು. ಚೀಲಗಳನ್ನು ಸಾವಕಾರರೇ ಮುಂದೆ ನಿಂತು ಹೊಲಿಸುತ್ತಿದ್ದರು. ಉಳಿದದ್ದು ಪ್ರೆಸ್ಸಿಗೂ ಮೇಜಿಗೂ ನಡುವಿನ ಆ ಖೋಲಿ.

ಒಂದು ಮಧ್ಯಾಹ್ನ ಸಾವಕಾರರು ಪ್ರೆಸ್ ನಿಲ್ಲಿಸಿ ದಾವಲಸಾಬರನ್ನು ನನ್ನ ಮೇಜಿನ ಹತ್ತಿರ ಕರೆದರು.

"ದಾವಲ, ಮಿಷನ್ ಹನ್ನೊಂದು ಅಂತೈತಿ, ತಕ್ಕಡಿ ಹತ್ತು ಅಂತೈತಿ. ನಡುವ ಇರೂದು ಒಂದ ಖೋಲಿ, ಒಂದ ಕೀಲಿ."

"ಚೀಲ ಬಿಚ್ಚಿ ಕೈಲೆ ಎಣಸ್ರಿ."

"ಮಾಲು ಎಲ್ಲಾ ಊರು ಸೇರೇತಿ. ಎಲ್ಲಿಂದ ತಂದು ಎಣಸಲಿ?"

ದಾವಲಸಾಬರು ಕೈಯಲ್ಲಿದ್ದ ಗೆಜ್ಜೆಗಳನ್ನು ಮೇಜಿನ ಮೇಲೆ ಇಟ್ಟರು.

"ಹಂಗಾರ ನಾ ಕಳ್ಳ ಅಂತೀರಿ."

"ನಾ ಅಂದಿಲ್ಲ ದಾವಲ. ತಕ್ಕಡಿ ಅಂತೈತಿ."

ನಾನು ಹಾಗೆ ಅಂದಿರಲಿಲ್ಲ. ನಾನು ಅಂದದ್ದು ಹತ್ತು ಸಾವಿರ ಎಂದು ಮಾತ್ರ. ಆದರೆ ದೊಡ್ಡವರು ತಮ್ಮ ಬಾಯಲ್ಲಿ ಆಡಲಾಗದ ಮಾತನ್ನು ನಮ್ಮಂಥವರ ಬಾಯಲ್ಲಿ ಇಡುತ್ತಾರೆ. ದಾವಲಸಾಬರು ಉಡದಾರದಿಂದ ಕೀಲಿ ಬಿಚ್ಚಿದರು. ಸಾವಕಾರರು ಕೈ ಚಾಚಿದರು. ದಾವಲಸಾಬರು ಕೈಗೆ ಕೊಡದೆ ನನ್ನ ತಟ್ಟೆಯ ಮೇಲೆ ಇಟ್ಟು, ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಟುಹೋದರು. ಆ ಕೀಲಿಯಲ್ಲಿ ಎಷ್ಟು ಗೆಜ್ಜೆ ಅಡಗಿವೆ ಎಂದು ನಾನು ಲೆಕ್ಕ ಹಾಕಿ "18" ಎಂದು ತೋರಿಸಿದೆ. ಅಂಥ ಹೊತ್ತಿನಲ್ಲೂ ನನಗೆ ತಿಳಿದದ್ದು ಅಷ್ಟೇ.

ಫಕೀರವ್ವ ಅಂದು ಇರಲಿಲ್ಲ. ತಂಗಿಯ ಮಗಳ ಕೂಸಿನ ತೊಟ್ಟಿಲು ಕಾರ್ಯಕ್ಕೆಂದು ಮುಳಗುಂದಕ್ಕೆ ಹೋಗಿದ್ದಳು. ಆ ಬೆಳಗ್ಗೆ ಮೇಜಿನಲ್ಲಿ ಪ್ಯಾಕಿಂಗೇ ನಡೆದಿರಲಿಲ್ಲ. ಹಿಂದಿನ ದಿನ ಆಕೆ ನನಗೆ ಕಲಿಸಿಹೋದ ಪಾಠವೇ ಉಳಿದಿತ್ತು, ಏಕೆಂದರೆ ಹೋಗುವ ಅವಸರದಲ್ಲಿ ಆಕೆ ನನ್ನನ್ನು ಆರಿಸಲು ಮರೆತಿದ್ದಳು. ಮರುದಿನದಿಂದ ಸಾವಕಾರರೇ ಮೇಜಿಗೆ ಕೂತರು. ಅವರು ಹತ್ತು ಎಂದರೆ ಹತ್ತನ್ನೇ ಇಡುವವರು. ರೊಟ್ಟಿ ಮಾರಿದವರಲ್ಲ. ಅವರ ಹತ್ತನ್ನು ನಂಬಿ ನಾನು ರಾಶಿ ತೂಗಿದೆ. ಮಿಷನ್ ಹೇಳಿದ ಅಂಕಿಯೂ ನಾನು ಹೇಳಿದ ಅಂಕಿಯೂ ಒಂದೇ ಆದವು!

ದಾವಲಸಾಬರು ಹೋದ ಮರುದಿನವೇ ಲೆಕ್ಕ ಕೂಡಿತು. ಇದಕ್ಕಿಂತ ಸಾಕ್ಷಿ ಬೇಕೆ? ಸಾವಕಾರರು ಕೆಟ್ಟವರಲ್ಲ. ಅವರಿಗೆ ಆ ದಿನ ಊಟ ಸೇರಲಿಲ್ಲ. ಆದರೂ ಚಹಾದಂಗಡಿಯಲ್ಲಿ ಯಾರೋ "ದಾವಲಸಾಬ ಎಲ್ಲಿ?" ಎಂದು ಕೇಳಿದಾಗ ಬಾಯಿ ತಡೆಯಲಿಲ್ಲ. ಚಹಾದಂಗಡಿಗೆ ಹೇಳಿದ್ದು ಓಣಿಗೆ ಮುಟ್ಟಲು ಒಂದು ಕಪ್ ಚಹಾ ಕುಡಿಯುವಷ್ಟು ಹೊತ್ತು ಸಾಕು.

ಫಕೀರವ್ವ ಊರಿಂದ ಬಂದಳು. ಪ್ರೆಸ್ಸಿನ ಮುಂದೆ ಬೇರೆ ಯಾರೋ ಕೂತದ್ದು ನೋಡಿ ವಿಷಯ ಕೇಳಿದಳು. "ದಾವಲಣ್ಣ? ಅಂವಾ ಮೂಕ ಗೆಜ್ಜಿನ ಸೈತ ಮನೀಗೆ ಒಯ್ಯೂದಿಲ್ಲ" ಎಂದಳು. ನನ್ನ ಮೈ ಒರೆಸಿದಳು, ಹತ್ತು ಇಟ್ಟಳು, ಮೇಲೊಂದು ಇಟ್ಟಳು, ಬಟನ್ ಒತ್ತಿದಳು. ಅಂದು ಸಂಜೆ ತಾಳೆ ನೋಡಿದರೆ ಹನ್ನೊಂದಕ್ಕೊಂದರಂತೆ ಮತ್ತೆ ಕಡಿಮೆ.

ಸಾವಕಾರರು ಲೆಕ್ಕದ ಪುಸ್ತಕ ಹತ್ತಿರ ಎಳೆದುಕೊಂಡರು. ಎರಡು ಸಲ ಕೂಡಿಸಿದರು. ಸೊಂಟ ಮುಟ್ಟಿ ನೋಡಿಕೊಂಡರು. ಕೀಲಿ ಅಲ್ಲೇ ಇತ್ತು.

"ಫಕೀರವ್ವ, ಮತ್ತ ಕಡಿಮಿ ಬಂತವಾ."

ಆಕೆ ಕುಚೋದ್ಯಕ್ಕೆ ಹೇಳಿದಳೋ, ಮುಗ್ಧವಾಗಿ ಹೇಳಿದಳೋ ನನಗೆ ಇವತ್ತಿಗೂ ಗೊತ್ತಿಲ್ಲ:

"ಈಗ ಕೀಲಿ ನಿಮ್ಮ ಕಡೇನ ಐತಲ್ರಿ ಸಾವಕಾರ್ರ?"

ಮರುದಿನ ಬೆಳಗ್ಗೆ ಸಾವಕಾರರು ಯಾರೂ ಬರುವ ಮೊದಲೇ ಬಂದು ನನ್ನ ಮೇಜಿನ ಎದುರು ಸ್ಟೂಲ್ ಹಾಕಿಕೊಂಡು ಕೂತರು. ಕಳ್ಳ ತಾವೇ ಆಗಬಾರದು ಎಂಬ ಆಸೆ ಮನುಷ್ಯನ ಕಣ್ಣನ್ನು ಬಹಳ ಚುರುಕು ಮಾಡುತ್ತದೆ. ಫಕೀರವ್ವ "ಲಾಭ" ಎಂದು ಶುರು ಮಾಡಿದಳು. "ಹತ್ತು" ಎಂದಳು. ಮೇಲೊಂದು ಇಟ್ಟಳು.

"ತಡಿ, ತಡಿ! ಅದೇನದು?"

"ಯಾವುದ್ರಿ?"

"ಮ್ಯಾಲ ಇಟ್ಟಿದ್ದು."

"ಇದಾ? ಒಂದು ಮುರದ್ರ ಇರಲಿ ಅಂತ್ರಿ."

"ಹಿತ್ತಾಳಿ ಗೆಜ್ಜಿ ಮುರೀತೈತೇನಬೇ?"

ಫಕೀರವ್ವ ಗೆಜ್ಜೆಯನ್ನು ಕೈಯಲ್ಲಿ ಹಿಡಿದು ಮೊದಲ ಸಲ ನೋಡುವವಳಂತೆ ನೋಡಿದಳು.

"ಮುರಿಯೂದಿಲ್ಲ ಖರೆ. ಆದ್ರ ಯಾರಿಗರ ಹತ್ತು ಅಂದು ಹತ್ತ ಕೊಟ್ರ ಕೈಗೆ ಒಂಥರಾ ಆಗ್ತೈತ್ರಿ. ಇದೂ ಬಾಯಿಲ್ಲದ ಪ್ರಾಣಿ, ದಿನಾ ದುಡೀತೈತಿ. ಒಂದು ಹೆಚ್ಚಿಗಿ ಇದ್ರ ಇರಲಿ ಅಂತ..."

ನನ್ನ ಕೆಂಪು ಅಂಕಿಗಳು ಆ ಕ್ಷಣದಲ್ಲಿ ಒಮ್ಮೆ ನಡುಗಿದವು. ಫ್ಯಾನಿನ ಗಾಳಿಗೆ ಎಂದು ಬೇರೆಯವರು ತಿಳಿದಿರಬಹುದು. ಇಡೀ ಬಾಳಿನಲ್ಲಿ ನನ್ನ ಮೇಲೆ ಜನ ಏನೇನೋ ಇಟ್ಟು ತೆಗೆದಿದ್ದಾರೆ. ನನಗೆಂದೇ ಕೊಸರು ಇಟ್ಟವಳು ಅವಳೊಬ್ಬಳು.

ಸಾವಕಾರರು ಅಟ್ಟದಿಂದ ಹಳೆಯ ಹಲಗೆ ಇಳಿಸಿ, ಹಿಂದಿನ ದಿನ ಫಕೀರವ್ವ ತುಂಬಿದ ಒಂದು ಚೀಲ ಬಿಚ್ಚಿ ಎಣಿಸಿದರು. ಸಾವಿರದ ಚೀಲದಲ್ಲಿ ಸಾವಿರದ ನೂರಿತ್ತು. ಹಲಗೆಯ ಮೇಲೆ ಕೈಯಿಟ್ಟುಕೊಂಡು ಕೂತೇ ಇದ್ದರು. ವಿಷಯ ಅರ್ಥವಾಗುತ್ತಲೇ ಫಕೀರವ್ವನ ಬಾಯಿಗೆ ಸೆರಗು ಹೋಯಿತು.

"ನಾ ಇಟ್ಟ ಒಂದ ಗೆಜ್ಜಿ ದಾವಲಣ್ಣನ ಕೊಳ್ಳಿಗೆ ಬಿತ್ತಲ್ರೀ ಯಪ್ಪಾ."

"ಆತು, ಆದದ್ದು ಆತು. ನಾಳಿಂದ ಬಾ ಅಂತ ಫೋನ್ ಮಾಡ್ತೀನಿ."

ಸೆರಗು ಬಾಯಿಂದ ಇಳಿಯಿತು.

"ಕಳ್ಳ ಅಂದಿದ್ದೂ ಫೋನಿನ್ಯಾಗ ಏನ್ರಿ?"

ಫಕೀರವ್ವ ಸೀರೆಯ ತುಂಡೊಂದನ್ನು ಸುತ್ತಿ ಸಿಂಬಿ ಮಾಡಿ ತಲೆಯ ಮೇಲೆ ಇಟ್ಟುಕೊಂಡಳು. ನನ್ನ ವೈರು ಕಿತ್ತು ನನ್ನನ್ನು ಎತ್ತಿ ಸಿಂಬಿಯ ಮೇಲೆ ಕೂರಿಸಿದಳು. ಸೋತ ರಟ್ಟೆ ಎಂದು ನಾನು ಹೇಳಿದ್ದೆನಲ್ಲ, ಆ ರಟ್ಟೆಯಿಂದಲೇ. "ಒಂದು ಚೀಲ ನೀವು ತರ್ರಿ" ಎಂದು ಸಾವಕಾರರಿಗೆ ಹೇಳಿ ಹೊರಟೇಬಿಟ್ಟಳು. ನಾನು ಯಾವತ್ತೂ ಮನುಷ್ಯರನ್ನು ಕೆಳಗಿನಿಂದ ನೋಡಿದವನು; ಮೂಗಿನ ಹೊಳ್ಳೆ, ಗದ್ದ, ಅಂಗಿಯ ಜೇಬು, ಇಷ್ಟೇ ನನ್ನ ಲೋಕ. ಅಂದು ಬೆಟಗೇರಿಯ ರಸ್ತೆಯಲ್ಲಿ ಎಲ್ಲರ ತಲೆಗಳನ್ನೂ ಮೇಲಿನಿಂದ ಕಂಡೆ. ಹಿಂದೆ ಗೆಜ್ಜೆಯ ಚೀಲ ಹೆಗಲಿಗೇರಿಸಿಕೊಂಡು ಬರುತ್ತಿದ್ದ ಸಾವಕಾರರು ಹೆಜ್ಜೆ ಹೆಜ್ಜೆಗೂ ಝಲ್ ಝಲ್ ಎನ್ನುತ್ತಿದ್ದರು. ಗುಟ್ಟಾಗಿ ಹೋಗುವ ಆಸೆ ಅವರಿಗೆ ಇದ್ದಿದ್ದರೆ, ಅದೂ ಮುಗಿಯಿತು.

ದಾವಲಸಾಬರು ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು ಸೈಕಲ್ ಚೈನಿಗೆ ಎಣ್ಣೆ ಬಿಡುತ್ತಿದ್ದರು. ತಲೆ ಎತ್ತಲಿಲ್ಲ. ಬಾಗಿಲಲ್ಲಿ ಅವರ ಹೆಂಡತಿ ಮಾಲನಬಿ ನಿಂತಳು. ಒಳಗೆ ಬನ್ನಿ ಎನ್ನಲಿಲ್ಲ.

"ಯಾಕ ಬಂದ್ರಿ ಸಾವಕಾರ್ರ? ಮನಿ ಝಡತಿ ಮಾಡಾಕ? ಬರ್ರಿ, ಡಬ್ಬಿ ಡಬ್ಬಿ ತಗದು ನೋಡ್ರಿ. ಗೆಜ್ಜಿ ಸಿಕ್ರ ನನ್ನ ಕಾಲಿಗೆ ಕಟ್ಟಿ ಕುಣಸ್ರಿ."

ಪಕ್ಕದ ಮನೆಯ ಮಗ್ಗ ನಿಂತಿತು. ನಳದ ಹತ್ತಿರದ ಕೊಡಗಳು ಅಲ್ಲೇ ಉಳಿದವು. ಫಕೀರವ್ವ ನನ್ನನ್ನು ಕಟ್ಟೆಯ ಮೇಲೆ ಇಳಿಸಿದಳು.

"ಎಲ್ಲಾರೂ ಬರ್ರಿ. ಓಣ್ಯಾಗ ಹೆಸರು ಕೆಟ್ಟೈತಿ, ಓಣ್ಯಾಗ ತೊಳೀಬೇಕು."

ಆಕೆ ಹನ್ನೊಂದು ಗೆಜ್ಜೆ ಇಟ್ಟು ನನಗೆ ಹತ್ತು ಎಂದಳು. ಚೀಲದಿಂದ ಒಂದು ಬೋಗುಣಿ ತುಂಬ ಗೆಜ್ಜೆ ಸುರಿದಳು. ಬ್ಯಾಟರಿಯ ಬಲದಲ್ಲಿ ನಾನು "200" ಎಂದೆ. ಮಗ್ಗದಿಂದ ಎದ್ದು ಬಂದ ನೇಕಾರ ಓದಿ ಎಲ್ಲರಿಗೂ ಹೇಳಿದ. ಆಮೇಲೆ ಆಕೆ ಅದನ್ನೆಲ್ಲ ತೆಗೆದು, ಸರಿಯಾಗಿ ಹತ್ತೇ ಇಟ್ಟು ಮತ್ತೆ ಕಲಿಸಿ, ಅದೇ ಗೆಜ್ಜೆಗಳನ್ನು ಸುರಿದಳು. ನಾನು "220" ಎಂದೆ. ನಂಬದ ಒಬ್ಬ ಮುದುಕಿ ಕಟ್ಟೆಯ ಮೇಲೆ ಕೂತು ಕೈಯಿಂದಲೇ ಎಣಿಸಿದಳು. ನಡುವೆ ಲೆಕ್ಕ ತಪ್ಪಿ ಮತ್ತೆ ಮೊದಲಿನಿಂದ ಶುರು ಮಾಡಿದಳು. ಯಾರೂ ಅವಸರ ಮಾಡಲಿಲ್ಲ. ಇನ್ನೂರ ಇಪ್ಪತ್ತೇ ಇತ್ತು.

"ರಾಶಿ ಒಂದ, ಮಾತು ಎರಡು" ಎಂದ ನೇಕಾರ. "ಕಳುವು ಆಗೇ ಇಲ್ಲಲೇ! ಚೀಲದಾಗ ಹೆಚ್ಚಿಗಿ ಹೋಗೇತಿ."

"ನನ್ನ ಕೈ ಗುಣ" ಎಂದಳು ಫಕೀರವ್ವ. "ರೊಟ್ಟಿ ಕೈ. ದಾವಲಣ್ಣ, ಬೈಯೂದಿದ್ರ ನನಗ ಬೈ."

ದಾವಲಸಾಬರು ಇನ್ನೂ ಚೈನನ್ನೇ ನೋಡುತ್ತಿದ್ದರು. ಮಾಲನಬಿ ಹೊಸ್ತಿಲು ದಾಟಿ ಬಂದು ಸಾವಕಾರರ ಎದುರು ನಿಂತಳು.

"ಈ ಡಬ್ಬಿಗೆ ಯಾರು ಹತ್ತು ಅಂದ್ರೂ ಹತ್ತು ಅಂತೈತಿ. ಅದಕ್ಕ ಬುದ್ಧಿ ಇಲ್ಲ, ಬಿಡ್ರಿ. ನಿಮ್ಮ ಅಪ್ಪಾರ ಕಾಲದಿಂದ ಇದ್ದ ಮನಷ್ಯಾನ್ನ ಅದು ಕಳ್ಳ ಅಂತು ಅಂದ್ರ ನೀವೂ ಕಳ್ಳ ಅಂದ್ರೇನ್ರಿ?"

ನನಗೆ ಬುದ್ಧಿಯಿಲ್ಲ ಎಂದದ್ದಕ್ಕೆ ನಾನೇನೂ ಬೇಸರಪಡಲಿಲ್ಲ. ಅಷ್ಟು ಜನರ ನಡುವೆ ನನ್ನನ್ನು ಸರಿಯಾಗಿ ತಿಳಿದವಳು ಅವಳೇ. ಸಾವಕಾರರು ಚೀಲ ಕೆಳಗಿಟ್ಟರು. ಚೀಲ ಝಲ್ ಎಂದಿತು.

"ತಕ್ಕಡಿ ಅಂದಿಲ್ಲವಾ" ಎಂದರು. ದನಿ ಸಣ್ಣದಾಗಿತ್ತು. ಓಣಿಗೆ ಕೇಳಲಿಲ್ಲವೇನೋ ಎಂದು ಇನ್ನೊಮ್ಮೆ ಗಟ್ಟಿಯಾಗಿ ಹೇಳಿದರು. "ತಕ್ಕಡಿ ಅಂದಿಲ್ಲ. ನಾ ಅಂದೆ. ತಪ್ಪು ನಂದು, ದಾವಲ."

ಉಡದಾರದಿಂದ ಕೀಲಿ ಬಿಚ್ಚಿ ಎರಡೂ ಕೈಯಲ್ಲಿ ಹಿಡಿದರು. ದಾವಲಸಾಬರು ಎಣ್ಣೆಯ ಕೈಯನ್ನು ಟವೆಲಿಗೆ ಒರೆಸಿಕೊಂಡರು. ನಿಧಾನವಾಗಿ ಒರೆಸಿಕೊಂಡರು. ಓಣಿಯೆಲ್ಲ ಆ ಕೈ ನೋಡುತ್ತಿತ್ತು.

"ನನಗ ಬ್ಯಾಡ್ರಿ. ಕೀಲಿ ಇದ್ದಾಂವಗ ಸಂಶಯ ತಪ್ಪೂದಿಲ್ಲ. ಫಕೀರವ್ವನ ಕಡೆ ಕೊಡ್ರಿ. ಆಕಿ ಕೈಯಾಗ ಏನಿದ್ರೂ ಕಡಿಮಿ ಆಗೂದಿಲ್ಲ, ಹೆಚ್ಚಿಗಿನ ಆಗ್ತೈತಿ."

ಮೊದಲು ನಕ್ಕವಳು ಎಣಿಸಿ ದಣಿದಿದ್ದ ಮುದುಕಿ. ಆಮೇಲೆ ಓಣಿ ನಕ್ಕಿತು. ಮಾಲನಬಿ ನಗಲಿಲ್ಲ. ಆದರೆ ಒಳಗೆ ಹೋಗಿ ಚಹಾ ತಂದಳು. ಸಾವಕಾರರಿಗೆ ಕೊನೆಗೆ ಕೊಟ್ಟಳು, ಸಕ್ಕರೆ ಕಡಿಮೆ ಹಾಕಿದ್ದಳೆಂದು ಅವರ ಮುಖ ಹೇಳಿತು. ಅವರು ಪೂರ್ತಿ ಕುಡಿದರು.

ದಾವಲಸಾಬರು ಮರುದಿನ ಬರಲಿಲ್ಲ. ಎಲ್ಲರೂ ಬಾಗಿಲ ಕಡೆ ನೋಡಿದ್ದೇ ಆಯಿತು. ಅದರ ಮರುದಿನ ಎಂದಿನಂತೆ ಬಂದು ಪ್ರೆಸ್ಸಿನ ಮುಂದೆ ಕೂತರು. ಫಕೀರವ್ವ ನನ್ನ ತಟ್ಟೆಯ ಮೇಲೆ ಹತ್ತು ಇಟ್ಟು, ಎಡಗೈಯಿಂದ ಬಲಗೈಯನ್ನು ಹಿಡಿದುಕೊಂಡು ಬಟನ್ ಒತ್ತಿದಳು.

"ಯಾಕ ಫಕೀರವ್ವ, ಕೈಗೆ ಸಂಕಟ ಆಗ್ತೈತೇನು?" ಎಂದು ದಾವಲಸಾಬರು ಕೂಗಿದರು.

"ಆಗ್ತೈತಿ. ನಿನ್ನ ಸಲುವಾಗಿ ತಡಕೊಂತೀನಿ."

ಆ ತಿಂಗಳು ಕೊಲ್ಲಾಪುರದಿಂದ ಫೋನ್ ಬಂತು. ಚೀಲ ಮೊದಲಿನಂತೆ ತುಂಬಿ ಬರುತ್ತಿಲ್ಲ, ಏನೋ ಮೋಸ ನಡೆದಿದೆ ಎಂದು ಅವರ ದೂರು. ಸಾವಕಾರರು ಇನ್ನು ಮುಂದೆ ಚೀಲಕ್ಕೆ ಒಂದು ಹಿಡಿ ಕೊಸರು ಹಾಕಬೇಕೆಂದೂ, ಅದನ್ನು ತೂಗಿದ ಮೇಲೆ, ಎಲ್ಲರಿಗೂ ಕಾಣುವಂತೆ ಹಾಕಬೇಕೆಂದೂ ಹೇಳಿದರು. ಹಿಡಿ ಯಾರದೆಂದು ಹೇಳಬೇಕಾಗಿಲ್ಲ. ಫಕೀರವ್ವನ ಕೈಗೆ ನೆಮ್ಮದಿಯಾಯಿತು.

ಹೀಗೆ ಬಹಳ ವರ್ಷ ದುಡಿದೆ. ಬಟನ್‌ಗಳ ಮೇಲಿನ ಅಂಕಿಗಳು ಬೆರಳು ತಾಗಿ ತಾಗಿ ಅಳಿಸಿದವು. ತಟ್ಟೆ ಖಾಲಿಯಿದ್ದರೂ ಎರಡೋ ಮೂರೋ ತೋರಿಸುವ ಮುಪ್ಪಿನ ಭ್ರಮೆ ಶುರುವಾಯಿತು. ಬ್ಯಾಟರಿ ಉಬ್ಬಿತು. ಕಂಪ್ಯೂಟರಿನ ಜೊತೆ ಮಾತಾಡುವ ಹೊಸ ತಕ್ಕಡಿ ಬಂತು. ಒಂದು ದಿನ ಗುಜರಿಯವನು ಬಂದು ನನ್ನನ್ನು ತನ್ನ ಕೊಕ್ಕೆಯ ತಕ್ಕಡಿಗೆ ನೇತುಹಾಕಿ ಮೂರು ಕಿಲೋ ಎಂದ. ಮೂರು ಕಿಲೋ ಎಂಟುನೂರು ಇದ್ದೇನೆ ಎಂದು ಹೇಳುವ ಶಕ್ತಿ ನನಗಿರಲಿಲ್ಲ. ಆ ಹೊತ್ತಿಗೆ ದಾವಲಸಾಬರೂ ಪ್ರೆಸ್ ಬಿಡುವವರಿದ್ದರು. ಕೊಕ್ಕೆಯಿಂದ ನನ್ನನ್ನು ಬಿಡಿಸಿ "ಇದನ್ನ ಬಿಡೋ ತಮ್ಮಾ, ಇದು ನನ್ನ ಸಾಕ್ಷಿ" ಎಂದರು. ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಮನೆಗೆ ತಂದರು.

ಈಗ ನಾನು ಮಾಲನಬಿಯ ಮನೆಯ ನಡುಮನೆಯ ಗೂಡಿನಲ್ಲಿದ್ದೇನೆ. ನನ್ನ ತಟ್ಟೆಯ ಮೇಲೆ ಅವಳು ಬೆಳ್ಳುಳ್ಳಿ ಇಡುತ್ತಾಳೆ, ಕನ್ನಡಕ ಇಡುತ್ತಾಳೆ, ಕೆಲವು ಸಲ ಏನೂ ಇಡುವುದಿಲ್ಲ. ಹೊಟ್ಟೆಯೊಳಗಿನ ಆ ತುಂಡು ಇನ್ನೂ ಬಾಗುತ್ತದೆ. ಸುದ್ದಿ ಮಾತ್ರ ಮೇಲೆ ಬರುವುದಿಲ್ಲ.

ಮೊನ್ನೆ ಹೊಸದಾಗಿ ಬಂದ ನೆಂಟರೊಬ್ಬರು ಕೇಳಿದರು: "ಇದೇನ್ರಿ ಇದು?"

"ನಮ್ಮ ಮನಿಯವರ ಮ್ಯಾಲ ಕಳುವಿನ ಮಾತು ಬಂದಾಗ ಸಾಕ್ಷಿ ಹೇಳಿದ್ದು" ಎಂದಳು ಮಾಲನಬಿ.

"ಇವರ ಕಡಿಂದೋ, ಎದುರಿನವರ ಕಡಿಂದೋ?"

ಮಾಲನಬಿ ಬೆಳ್ಳುಳ್ಳಿ ಸುಲಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು.

"ಎರಡೂ ಕಡಿಂದ ಹೇಳೇತಿ. ಕಲಿಸಿದಂಗ ಹೇಳೇತಿ, ಪಾಪ. ಆದ್ರ ತಪ್ಪು ಅಂತ ತಿಳದ ಮ್ಯಾಲ, ನಾಕು ಮಂದಿ ಮುಂದ ನಿಂತು ತಿದ್ದಿಕೊಂಡೈತಿ. ಮನಷ್ಯಾರು ಎಷ್ಟು ಮಂದಿ ಹಂಗ ಮಾಡ್ತಾರ?"

ತಿದ್ದಿಕೊಂಡದ್ದು ನಾನಲ್ಲ. ತಿದ್ದಿದವರು ಅವರೆಲ್ಲ: ತಲೆಯ ಮೇಲೆ ಹೊತ್ತು ತಂದ ಫಕೀರವ್ವ, ಗಟ್ಟಿಯಾಗಿ ತಪ್ಪೊಪ್ಪಿದ ಸಾವಕಾರರು, ಎಣಿಸಿ ಎಣಿಸಿ ದಣಿದ ಆ ಮುದುಕಿ. ಇದು ನನಗೆ ಸಲ್ಲಬೇಕಾದ್ದಕ್ಕಿಂತ ಹೆಚ್ಚಿನ ಮಾತು ಎಂದು ನನಗೆ ಗೊತ್ತು. ಆದರೂ ಅವಳು ತೂಗಿ ನೋಡದೆ ಕೊಟ್ಟಳು. ನಾನೂ ತೂಗಿ ನೋಡದೆ ಇಟ್ಟುಕೊಂಡಿದ್ದೇನೆ.